ಓಡಿಸದೆ ಸಾಕಿದ ಕುದುರೆಮರಿ

ಬೆನ್ನುಮೂಳೆಗೂ ಟಿ.ಬಿ. ಬರುತ್ತದೆ ಅಂತ ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಟಿ.ಬಿ. ಅಂದರೆ ಕೆಮ್ಮು, ರಕ್ತ, ಮೂಲೆಯಲ್ಲಿ ಬೇರೆ ತಟ್ಟೆ, ಬೇರೆ ಲೋಟ. ನಾನು ಒಂದು ದಿನವೂ ಕೆಮ್ಮಿರಲಿಲ್ಲ. ಕೈ ಹಿಂದೆ ಹಾಕಿದರೆ ಸಿಗುವ ಜಾಗದಲ್ಲಿ ಬೆನ್ನಲ್ಲಿ ಒಂದು ನೋವು, ಅಷ್ಟೇ. ಆ ನೋವು ನನ್ನ ಎಡಗಾಲನ್ನು ಹೇಗೆ ತಿಂದುಹಾಕಿತು ಅನ್ನುವುದನ್ನು ಬರೆಯಲು ಕೂತಿದ್ದೇನೆ. ಈಗ ಕೋಲು ಹಿಡಿದು ನಡೆಯುತ್ತೇನೆ, ಅಣ್ಣನ ಅಂಗಡಿ ನೋಡಿಕೊಳ್ಳುತ್ತೇನೆ, "ಅಯ್ಯೋ ಪಾಪ" ಅನ್ನುವವರನ್ನು ಕಂಡರೆ ಮೈ ಉರಿಯುತ್ತದೆ. ಯಾವುದೋ ಮನೆಯಲ್ಲಿ ಯಾವುದೋ ಹುಡುಗಿ ಹಲಗೆಯ ಮೇಲೆ ಸೂರು ನೋಡುತ್ತಾ ಮಲಗಿದ್ದರೆ ಅವಳಿಗೆ ಇದು ತಲುಪಲಿ. ಅವಳನ್ನು ಪ್ರೀತಿಯಿಂದ ಮಲಗಿಸಿಟ್ಟವರಿಗೂ ತಲುಪಲಿ.

ನನ್ನ ಹೆಸರು ನಸೀಮಾ. ಊರು ಚಳ್ಳಕೆರೆ. ಮನೆಯೊಳಗೆ ನಾವು ಆಡುವುದು ಉರ್ದು, ಹೊಸ್ತಿಲು ದಾಟಿದರೆ ಕನ್ನಡ. ಇಲ್ಲಿ ಎಲ್ಲರ ಮಾತನ್ನೂ ಬೀದಿಯ ಕನ್ನಡದಲ್ಲೇ ಹೇಳುತ್ತೇನೆ. ಅಬ್ಬ ಮೊದಲು ಬಸ್ ಸ್ಟ್ಯಾಂಡಿನ ಮುಂದೆ ಜಟಕಾ ಓಡಿಸುತ್ತಿದ್ದರು. ಆಟೋಗಳು ಬಂದ ಮೇಲೆ ಗಾಡಿ ಬಿಚ್ಚಿ ಸೌದೆಗೆ ಹಾಕಿ, ಎಣ್ಣೆ ಮಿಲ್ಲಿನ ಗೇಟು ಕಾಯುವುದಕ್ಕೆ ಸೇರಿದರು. ಅಣ್ಣ ಸಾದಿಕ್ ಮನೆಯ ಮುಂಭಾಗಕ್ಕೆ ಶಟರ್ ಹಾಕಿಸಿ ಇಂಟರ್‌ನೆಟ್ ಸೆಂಟರ್ ಇಟ್ಟಿದ್ದ. ಆಗಿನ್ನೂ ಕೈಗೆ ಕೈಗೆ ಫೋನು ಬಂದಿರದ ಕಾಲ, ರಿಸಲ್ಟು ನೋಡುವುದಕ್ಕೂ ಜನ ಸಾಲು ನಿಲ್ಲುತ್ತಿದ್ದರು. ನನಗೆ ಮೊಳಕಾಲ್ಮೂರಿನಲ್ಲಿ ಸಂಬಂಧ ಗೊತ್ತಾಗಿತ್ತು. ಹುಡುಗನ ಮನೆಯವರದು ಮಗ್ಗದವರಿಗೆ ರೇಷ್ಮೆ ನೂಲು ಮಾರುವ ಅಂಗಡಿ.

ನೋವು ಶುರುವಾದಾಗ ಅಬ್ಬ ಅಟ್ಟದಿಂದ ಒಂದು ಬಾಟಲಿ ಇಳಿಸಿದರು. ಕುದುರೆಯ ಬೆನ್ನಿಗೆ ಹಚ್ಚುತ್ತಿದ್ದ ಎಣ್ಣೆ. "ಗಟ್ಟಿಯಾಗಿ ತಿಕ್ಕು, ಹಿಡ್ಕೊಂಡಿರೋದು ಬಿಡ್ತೈತೆ" ಅಂತ ಅಮ್ಮಿಗೆ ಹೇಳಿ ಆಚೆ ಹೋಗಿ ನಿಂತರು. ಅಮ್ಮಿ ತಿಕ್ಕಿದರು. ನಾನು ಕಿರುಚಿದ್ದು ಮಿಲ್ಲಿನವರೆಗೆ ಕೇಳಿಸಿರಬೇಕು. ಸಂಜೆಯಾದರೆ ಸಣ್ಣ ಜ್ವರ. ದಿನಾ ಊಟ ಸೇರದೆ ಬಡವಾದೆ, ಹೊಲಿಸಿದ ಕುರ್ತಾಗಳು ಮೈಮೇಲೆ ನೇತಾಡತೊಡಗಿದವು. ಮದುವೆಯ ಯೋಚನೆಗೆ ಸೊರಗಿದ್ದಾಳೆ ಅಂತ ಸೋದರತ್ತೆಯಂದಿರು ನಕ್ಕರು. ಒಂದು ಬೆಳಗ್ಗೆ ಬಟ್ಟೆ ಒಗೆಯುವ ಕಲ್ಲಿನಿಂದ ಬಾಗಿಲವರೆಗೆ ಬಂದು ನೋಡುತ್ತೇನೆ, ಎಡಗಾಲಿನ ಚಪ್ಪಲಿ ಇಲ್ಲ. ಅಂಗಳದ ನಡುವೆ ಬಿದ್ದಿತ್ತು. ಕಾಲಿನಿಂದ ಕಳಚಿಬಿದ್ದದ್ದು ನನಗೆ ತಿಳಿದೇ ಇರಲಿಲ್ಲ.

ದಾವಣಗೆರೆಯ ದೊಡ್ಡಾಸ್ಪತ್ರೆಗೆ ಹೋದೆವು. ಆಸ್ಪತ್ರೆಯಲ್ಲಿ ಕಾಯುವುದು ಅಂದರೆ ಅದೂ ಒಂದು ರೋಗವೇ. ಬೆಳಗ್ಗೆ ಬಂದವರು ಮಧ್ಯಾಹ್ನಕ್ಕೆ ನೆಂಟರಾಗಿಬಿಡುತ್ತಾರೆ. ನನ್ನಿವಾಳ ಅನ್ನುವ ಹಳ್ಳಿಯ ಒಬ್ಬ ಹೆಂಗಸು, ಗಂಡನ ಸ್ಕ್ಯಾನಿಂಗ್‌ಗೆ ಬಂದವಳು, ಬುತ್ತಿಯ ಗಂಟು ಬಿಚ್ಚಿ ರೊಟ್ಟಿ ಶೇಂಗಾ ಚಟ್ನಿ ಮುಂದಿಟ್ಟು, "ತಿನ್ರಿ, ಅಳೋಕಾದ್ರೂ ಶಕ್ತಿ ಬೇಕಲ್ಲ" ಅಂದಳು. ನಾವು ಯಾರೂ ಅತ್ತಿರಲಿಲ್ಲ. ಅಳುತ್ತೇವೆ ಅಂತ ಅವಳಿಗೆ ಗೊತ್ತಿತ್ತು.

ಡಾಕ್ಟರು ಹೆಣ್ಣುಮಗಳು, ಕನ್ನಡಕದ ಹಿಂದೆ ನಿದ್ದೆಗೆಟ್ಟ ಕಣ್ಣು. ಸ್ಕ್ಯಾನಿಂಗಿನ ಚಿತ್ರವನ್ನು ಬೆಳಕಿಗೆ ಹಿಡಿದು ಬೆನ್ನುಮೂಳೆಯ ಟಿ.ಬಿ. ಅಂದರು. ಅಮ್ಮಿ ಮೊದಲು ಕೇಳಿದ್ದು, "ಮದುವೆ ಮಾಡ್ಬೋದಾ?" ಅಬ್ಬ ಕೇಳಿದ್ದು, "ನಡೀತಾಳಾ?" ಡಾಕ್ಟರು ಅಮ್ಮಿಗೆ ಉತ್ತರ ಕೊಡಲಿಲ್ಲ. ಅಬ್ಬನ ಕಡೆ ತಿರುಗಿ, ಮಾತ್ರೆ ಬಿಡದೆ ನುಂಗಬೇಕು, ಸದ್ಯಕ್ಕೆ ಹಲಗೆಯ ಮೇಲೆ ಅಂಗಾತ ಮಲಗಿರಬೇಕು, ಕಾಲಿನ ಬಲ ಇನ್ನೂ ಇಳಿದರೆ ಆಪರೇಷನ್ ಅಂದರು. ಮಲಗಿರಬೇಕು ಅನ್ನುವ ಆ ಒಂದು ಮಾತನ್ನು ಅಬ್ಬ ಎಷ್ಟು ಗಟ್ಟಿಯಾಗಿ ಹಿಡಿದುಕೊಂಡರು ಅನ್ನುವುದೇ ನನ್ನ ಕಥೆ.

ಮೊಳಕಾಲ್ಮೂರಿಗೆ ಸೊಂಟ ಉಳುಕಿದೆ ಅಂತ ಹೇಳಿಕಳಿಸಿದರು. ಮಾತ್ರೆ ನುಂಗಿದ ಮೊದಲ ದಿನ ಉಚ್ಚೆ ಕೆಂಪಾಗಿ ಹೋಯಿತು. ಅಮ್ಮಿ "ಯಾ ಅಲ್ಲಾ, ರಕ್ತ!" ಅಂತ ಎದೆ ಬಡಿದುಕೊಂಡರು. ಸಾದಿಕ್ ಮೆಡಿಕಲ್ ಶಾಪಿಗೆ ಓಡಿಹೋಗಿ ಕೇಳಿಕೊಂಡು ಬಂದ, ಮಾತ್ರೆಯ ಬಣ್ಣವಂತೆ. ಯಾರಾದರೂ ಮೊದಲೇ ಹೇಳಬಾರದಾ ಇದನ್ನ? ಈಗ ನಾನು ಹೇಳುತ್ತಿದ್ದೇನೆ, ಕೆಂಪಾಗುತ್ತೆ, ಹೆದರಬೇಡಿ.

ಮಲಗಿದ್ದವಳಿಗೆ ಹೊತ್ತು ಹೋಗಬೇಕಲ್ಲ. ಸೂರಿನ ತೊಲೆಗಳನ್ನು ನೋಡಿ ನೋಡಿ ಹುಚ್ಚು ಹಿಡಿಯುವಂತಾಗಿತ್ತು. ಸಾದಿಕ್ ಸೆಂಟರಿನ ಗೋಡೆಗೆ ತೂತು ಕೊರೆದು, ವೈರು ಎಳೆದು, ಕೆಟ್ಟು ರಿಪೇರಿಯಾಗಿದ್ದ ಒಂದು ಹಳೇ ಕಂಪ್ಯೂಟರನ್ನು ನನ್ನ ಹಲಗೆಯ ಪಕ್ಕ ಸ್ಟೂಲಿನ ಮೇಲಿಟ್ಟ. ಕೀಬೋರ್ಡು ನನ್ನ ಹೊಟ್ಟೆಯ ಮೇಲೆ. ಅದರಲ್ಲಿ ನನಗೆ ಸಿಕ್ಕಿದ್ದು ಕುದುರೆ ಸಾಕುವ ಆಟ. ಯಾವುದೋ ಪರದೇಶದವರು ಮಾಡಿದ್ದು, ಎಲ್ಲ ಇಂಗ್ಲಿಷ್.

ಆಟ ಸರಳ. ಎರಡು ದೊಡ್ಡ ಕುದುರೆಗಳನ್ನು ಜೋಡಿ ಮಾಡಿದರೆ ಮರಿ ಹುಟ್ಟುತ್ತದೆ. ದಿನಾ ಅದಕ್ಕೆ ಮೇವು, ನೀರು, ಮೈ ತಿಕ್ಕುವುದು, ಓಡಿಸುವುದು. ಒಂದೊಂದಕ್ಕೂ ಒಂದೊಂದು ಗುಂಡಿ. ಮರೆತರೆ ಸೊರಗುತ್ತದೆ, ಮರೆಯುತ್ತಲೇ ಹೋದರೆ ಸಾಯುತ್ತದೆ. ನಮ್ಮ ಒಂದು ವಾರ ಅದಕ್ಕೆ ತಿಂಗಳುಗಳು. ಮೂರು ವರ್ಷ ತುಂಬಿದಾಗ ಪರೀಕ್ಷೆ. ಮೈಕಟ್ಟು, ಕಾಲು, ನಡಿಗೆ, ಸ್ವಭಾವ ಎಲ್ಲಕ್ಕೂ ಅಂಕ ಹಾಕಿ, ಒಳ್ಳೇ ತಳಿ ಅಂತ ಒಪ್ಪುತ್ತಾರೆ, ಇಲ್ಲದಿದ್ದರೆ ತಳ್ಳಿಹಾಕುತ್ತಾರೆ. ಪರೀಕ್ಷೆ ಒಂದೇ ಸಲ. ನನ್ನ ಮರಿ ಕಂದು ಬಣ್ಣದ್ದು, ಹಣೆಯಲ್ಲಿ ಬಿಳಿ ಮಚ್ಚೆ. ಚಾಂದ್ ಅಂತ ಹೆಸರಿಟ್ಟೆ.

ಮಿಲ್ಲಿನಿಂದ ಬಂದ ಅಬ್ಬ, ಕೂದಲ ಸುಳಿ ನೋಡದೆ ಕುದುರೆ ಕೊಳ್ಳದವರು, ಮೊದಲ ಸಲ ಅದನ್ನು ನೋಡಿ ಬಗ್ಗಿ ಕೂತರು.

"ಹಣೆ ಮ್ಯಾಲೆ ಸುಳಿ ಎಲ್ಲೈತೆ, ತೋರ್ಸು."

"ಸುಳಿ ಇಲ್ಲ ಅಬ್ಬಾ, ಇದು ಚಿತ್ರ."

"ಸುಳಿ ಇಲ್ದಿರೋ ಕುದ್ರೆ ಎಲ್ಲಾದ್ರೂ ಇರ್ತೈತಾ? ಆ ಕಡೆ ತಿರುಗ್ಸು, ಪಕ್ಕೆ ನೋಡಾನ."

"ಆ ಕಡೆ ಇಲ್ಲ ಅಬ್ಬಾ," ಸಾದಿಕ್ ನಗು ತಡೆಯುತ್ತಾ ಅಂದ, "ಇದು ಇರೋದೇ ಈ ಕಡೆ ಮಾತ್ರ."

"ಒಂದೇ ಕಡೆ ತೋರ್ಸಿ ಕುದ್ರೆ ಮಾರೋನು ಕಳ್ಳ ಕಣೋ," ಅಂದು ಅಬ್ಬ ಎದ್ದರು. ಆದರೆ ಮರುದಿನ ಮನೆಗೆ ಬಂದವರೇ ಕೈಕಾಲು ತೊಳೆಯುವ ಮೊದಲು ಕೇಳಿದ್ದು, "ಮರಿಗೆ ನೀರು ಕುಡ್ಸಿದೇನು?" ಆಮೇಲೆ ದಿನಾ ಅದೇ. ನಾವಿಬ್ಬರೂ ಟಿ.ಬಿ. ಬಿಟ್ಟು ಬೇರೆ ವಿಷಯ ಮಾತಾಡಿದ್ದು ಚಾಂದ್ ಬಂದ ಮೇಲೆಯೇ. ಅಬ್ಬ ಜಟಕಾ ಬಿಟ್ಟ ಮೇಲೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಮಾತ್ರೆ ನುಂಗಿದರೂ ಕಾಲು ಇಳಿಯುತ್ತಲೇ ಹೋಯಿತು. ಎಡಗಾಲಿನ ಬೆರಳು ಆಡಿಸು ಅಂದರೆ ಆಡಿಸಿದೆ ಅಂತ ನಾನು ಅಂದುಕೊಳ್ಳುತ್ತಿದ್ದೆ, ಅದು ಆಡುತ್ತಿರಲಿಲ್ಲ. ಆಪರೇಷನ್ನಿಗೆ ಬರಹೇಳಿದರು. ಹೋಗುವ ಬೆಳಗ್ಗೆ ನನಗೆ ಚಾಂದ್‌ನದೇ ಚಿಂತೆ. ನಗಬೇಡಿ. ನಾನಿಲ್ಲದಾಗ ಅದು ಸತ್ತರೆ ನಾನೂ ಟೇಬಲ್ಲಿನಿಂದ ಏಳುವುದಿಲ್ಲ ಅಂತ ಒಂದು ಹುಚ್ಚು ತಲೆಗೆ ಹೊಕ್ಕಿತ್ತು. ಸಾದಿಕ್‌ಗೆ ಸೆಂಟರಿನ ಗಲಾಟೆಯಲ್ಲಿ ನೆನಪಿರುವುದಿಲ್ಲ. "ನಾನ್ ನೋಡ್ಕಂತೀನಿ," ಅಂದರು ಅಬ್ಬ. ಓದು ಬರದವರು, ಮೌಸನ್ನು ಎರಡೂ ಕೈಯಲ್ಲಿ ಹಿಡಿದು ಗುಂಡಿಗಳ ಜಾಗ ಕಲಿತರು.

ಆಸ್ಪತ್ರೆಯಲ್ಲಿ ಅಮ್ಮಿ ನನ್ನ ಜೊತೆ, ಅಬ್ಬ ರಜಾ ಸಿಕ್ಕಾಗ ಬಂದು ಹೋಗುವುದು. ಆಪರೇಷನ್ನಿನ ಬಗ್ಗೆ ನನಗೆ ಹೇಳುವುದಕ್ಕೇನೂ ಇಲ್ಲ, ಎಚ್ಚರವಾದಾಗ ಬಾಯಾರಿಕೆ ಇತ್ತು, ನೀರು ಕೊಡಲಿಲ್ಲ. ಪಕ್ಕದ ಹಾಸಿಗೆಯಲ್ಲಿ ಮೊಳಕಾಲ್ಮೂರಿನ ಪದ್ಮಕ್ಕ. ಗುಂಡಿಮಗ್ಗದಲ್ಲಿ ಕೂತು ಸೀರೆ ನೇದು ನೇದು ಬೆನ್ನು ಹಾಳು ಮಾಡಿಕೊಂಡವಳು. ಮನೆಮಾತು ತೆಲುಗು, ಕನ್ನಡವನ್ನೂ ತೆಲುಗಿನ ರಾಗದಲ್ಲೇ ಆಡುತ್ತಿದ್ದಳು. ತನ್ನ ಆಪರೇಷನ್ನಿನ ಮಾರನೇ ದಿನವೇ ಗೊಣಗುತ್ತಾ ಎದ್ದು ಗೋಡೆ ಹಿಡಿದು ನಡೆದವಳು. ಡಾಕ್ಟರು ನನಗೂ ಬೆಲ್ಟು ಕಟ್ಟಿಸಿ ಎದ್ದು ನಿಲ್ಲು ಅಂದಾಗ ನಾನು ಅಳತೊಡಗಿದೆ. ಪದ್ಮಕ್ಕ ಬಂದು, "ಲೇಯಿ ತಲ್ಲಿ, ಏಳು ತಾಯಿ, ನನ್ನ ಹೆಗಲು ಹಿಡ್ಕೋ" ಅಂತ ಎಬ್ಬಿಸಿಯೇಬಿಟ್ಟಳು. ಕಿಟಕಿಯವರೆಗೆ ಹೋದೆ. ಎಡಗಾಲು ಎಳೆಯುತ್ತಿತ್ತು, ಆದರೆ ಬಂತು. ಆಚೆ ಒಂದು ಬೇವಿನ ಮರ, ಅದರ ಕೆಳಗೆ ಚಹಾ ಮಾರುವವನು. ಎಷ್ಟು ಖುಷಿಯಾಯಿತು ಅಂದರೆ ಅಮ್ಮಿಯನ್ನು ಕೂಗಿ ಕರೆದು ಆ ಚಹಾದವನನ್ನು ತೋರಿಸಿದೆ.

ಆಸ್ಪತ್ರೆಯ ಫೋನಿನಿಂದ ಅಬ್ಬನನ್ನು ಕೇಳುತ್ತಿದ್ದೆ, ಚಾಂದ್ ಹೆಂಗಿದಾನೆ ಅಂತ. "ತಿಂತಾನೆ ಬೇಟಾ, ಚೆನ್ನಾಗಿ ತಿಂತಾನೆ, ಗುಂಡಗಾಗವ್ನೆ."

ಮನೆಗೆ ಕಳಿಸುವಾಗ ಡಾಕ್ಟರು ಅಬ್ಬನನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿದರು. ಬೆಲ್ಟು ಹಾಕಿ ದಿನಾ ನಡೆಸಬೇಕು, ನೋವಾದರೂ ನಡೆಸಬೇಕು. ಅಬ್ಬ ತಲೆಯಾಡಿಸಿದರು. ಮನೆಗೆ ಬಂದ ಮೇಲೆ ಅಮ್ಮಿ ಬೆಲ್ಟು ಕಟ್ಟಲು ಹೋದರೆ ಕೈ ಅಡ್ಡ ಹಾಕಿದರು.

"ಬೆನ್ನು ಕೊಯ್ದಿರೋ ಮಗೂನ ಎಬ್ಬಿಸ್ತಾರಾ? ಮೊದ್ಲು ಆವಮ್ಮನೇ ಮಲಗಿರ್ಲಿ ಅಂದಿದ್ದಲ್ಲ."

"ಈಗ ನಡೆಸಿ ಅಂದವ್ರೆ," ಅಂದರು ಅಮ್ಮಿ.

"ಅವರಿಗೇನು, ಹಾಸಿಗೆ ಖಾಲಿಯಾಗ್ಬೇಕು. ನಂಗೊತ್ತು ಬೆನ್ನು ಅಂದ್ರೆ ಏನು ಅಂತ."

ಅಬ್ಬನ ಕೊನೆಯ ಕುದುರೆ ಬೆನ್ನಿಗೆ ಪೆಟ್ಟಾಗಿ ಮಲಗಿತ್ತಂತೆ. ಹಬ್ಬದ ದಿನದ ಬಾಡಿಗೆ ಬಿಡಲಾರದೆ ಎಬ್ಬಿಸಿ ಹೂಡಿದ್ದರಂತೆ. ಸಂತೆ ಮೈದಾನದ ಹತ್ತಿರ ಗಾಡಿಯ ಮೂಕಿಮರಗಳ ನಡುವೆಯೇ ಕುಸಿದು ಮತ್ತೆ ಏಳಲಿಲ್ಲ. ಇದನ್ನು ಅಬ್ಬ ಆವತ್ತೇ ಮೊದಲು ಹೇಳಿದ್ದು. ಆಮೇಲೆ ಯಾರೂ ವಾದ ಮಾಡಲಿಲ್ಲ. ನಾನಂತೂ ಮಾಡಲಿಲ್ಲ, ಎದ್ದರೆ ನೋವು, ಮಲಗಿದರೆ ಸುಖ, ಅಬ್ಬನ ಮಾತು ನನಗೂ ಬೇಕಾಗಿತ್ತು. ಅಬ್ಬ ಮೂಳೆ ಸೂಪು ಮಾಡಿಸಿ ತಾವೇ ಕುಡಿಸುತ್ತಿದ್ದರು. ಬಾದಾಮಿ ನೆನೆಸಿ ಸಿಪ್ಪೆ ಬಿಡಿಸಿ ಬಾಯಿಗಿಡುತ್ತಿದ್ದರು. ಮಾತ್ರೆಗಳಿಂದ ನನಗೆ ಪರದೆ ಕಂಡರೆ ತಲೆ ಸುತ್ತುತ್ತಿತ್ತು, ಹಾಗಾಗಿ ಚಾಂದ್‌ನ ಚಾಕರಿಯೂ ಅವರದೇ ಆಯಿತು. ಮಗಳಿಗೆ ಸೂಪು, ಮರಿಗೆ ಮೇವು. ಅಬ್ಬ ಆಗ ಖುಷಿಯಾಗಿದ್ದರು. ನನ್ನ ಮುಖ ತುಂಬಿಕೊಂಡಿತು. ಬಂದವರೆಲ್ಲ ಹುಷಾರಾಗಿದ್ದಾಳೆ ಅಂದರು. ಚಾದರದ ಕೆಳಗೆ ಕಾಲುಗಳು ಜೋಳದ ದಂಟಿನಂತಾಗಿದ್ದನ್ನು ಅಮ್ಮಿ ಮಾತ್ರ ಮೈ ಒರೆಸುವಾಗ ನೋಡುತ್ತಿದ್ದರು, ನೋಡಿ ಮತ್ತೆ ಚಾದರ ಎಳೆಯುತ್ತಿದ್ದರು.

ಚಾಂದ್‌ಗೆ ಮೂರು ವರ್ಷ ತುಂಬಿದ್ದು ಒಂದು ಶುಕ್ರವಾರ. ನಮಾಜು ಮುಗಿಸಿಕೊಂಡು ಬಂದ ಅಬ್ಬ ಟೋಪಿ ಕೂಡ ತೆಗೆಯದೆ ಸ್ಟೂಲಿನ ಮುಂದೆ ಕೂತರು. ಸಾದಿಕ್ ಶಟರ್ ಅರ್ಧ ಎಳೆದು ಬಂದ. ಅಮ್ಮಿ ಒಲೆಯ ಮೇಲೆ ಏನೋ ಇಟ್ಟು ಬಾಗಿಲಲ್ಲಿ ನಿಂತರು. ಗುಂಡಿ ಒತ್ತಿದ್ದು ಅಬ್ಬನೇ, ಬಿಸ್ಮಿಲ್ಲಾ ಅಂತ. ಪರದೆಯ ಮೇಲೆ ಕೆಂಪು ಅಕ್ಷರ ಬಂತು.

ಸಾದಿಕ್ ಓದಿ ಹೇಳಿದ. ಮೇವು, ಪೂರ್ತಿ ಅಂಕ. ಆರೈಕೆ, ಪೂರ್ತಿ ಅಂಕ. ಸ್ವಭಾವ, ಪರವಾಗಿಲ್ಲ. ಕಾಲಿನ ಬಲ, ಸೊನ್ನೆ. ನಡಿಗೆ, ಸೊನ್ನೆ. ಯಾವ ಕೆಲಸಕ್ಕೂ ಯೋಗ್ಯವಲ್ಲ, ತಳಿಗೆ ತಗೊಳ್ಳುವುದಿಲ್ಲ.

"ಯಾಕಂತೆ?" ಅಂದರು ಅಬ್ಬ.

ಸಾದಿಕ್ ಇನ್ನೊಂದು ಪುಟ ತೆರೆದು ನೋಡಿದ. "ಅಬ್ಬಾ, ಕೊನೇ ಗುಂಡಿ ಒತ್ತೇ ಇಲ್ವಲ್ಲ ನೀವು. ಓಡ್ಸೋದು. ನಸೀಮಾ ಕೊಟ್ಟು ಹೋದ ಮೇಲೆ ಒಂದು ದಿನಾನೂ ಒತ್ತಿಲ್ಲ. ಮೊದ್ಲು ಬಂದಿದ್ದ ಬಲಾನೂ ಇಳಿದ್ಹೋಗಿದೆ."

"ಯಾಕ್ ಒತ್ಲಿ? ಹಾಲುಹಲ್ಲು ಉದುರದ ಮರಿ ಅದು. ಅದನ್ನ ಯಾವ ಕಟುಕ ಓಡಿಸ್ತಾನೆ? ಹಲ್ಲು ಬಿದ್ದ ಮ್ಯಾಲಲ್ವಾ ಗಾಡಿಗೆ ತೋರ್ಸೋದು."

"ಗಾಡಿಗಲ್ಲ ಅಬ್ಬಾ, ಸುಮ್ನೆ ಬಯಲಲ್ಲಿ ಓಡ್ಸೋದು. ಓಡ್ಸದಿದ್ರೆ ಕಾಲು ಬೆಳೆಯಲ್ಲ. ಡಾಕ್ಟ್ರೂ ಇದನ್ನೇ ಅಲ್ವಾ ಹೇಳಿದ್ದು?"

ಸಾದಿಕ್ ಅದನ್ನು ಬೇಕಂತ ಅಂದನೋ, ಬಾಯಿ ತಪ್ಪಿ ಬಂತೋ, ಇವತ್ತಿಗೂ ಕೇಳಿಲ್ಲ. ನನಗೆ ಮೊದಲು ನಗು ಬಂತು, ಆಮೇಲೆ ತಡೆಯಲಾರದ ಸಿಟ್ಟು. ಅಬ್ಬನ ಮೇಲೆ ಅಂಥ ಸಿಟ್ಟು ನನಗೆ ಅದಕ್ಕೆ ಮೊದಲು ಬಂದಿರಲಿಲ್ಲ. ಚಾದರ ಕಿತ್ತು ಎಸೆದೆ. ಮೊದಲ ಸಲ ಎಲ್ಲರ ಮುಂದೆ ನನ್ನ ಕಾಲುಗಳು ಬಯಲಿಗೆ ಬಂದವು.

"ನನ್ನೂ ಹಿಂಗೇ ಮೇಯಿಸಿದ್ರಿ ಅಬ್ಬಾ. ನೋಡ್ರಿ. ಇದಕ್ಕೂ ಸೊನ್ನೆ ಹಾಕ್ರಿ."

ಅಬ್ಬ ಪರದೆ ನೋಡಿದರು, ನನ್ನ ಕಾಲು ನೋಡಿದರು. ಎದ್ದು ಆಚೆ ಹೋದರು. ಒಲೆಯ ಮೇಲಿನದು ಸೀದು ವಾಸನೆ ಬಂದರೂ ಅಮ್ಮಿ ಕದಲಲಿಲ್ಲ.

ಬೆಳಗ್ಗೆ ಮಿಲ್ಲಿಗೆ ಹೋಗುವ ಮೊದಲು ಬೆಲ್ಟು ಹಿಡಿದು ಬಂದರು. "ಏಳು" ಅಂದರು. ಅಮ್ಮಿ, "ಬಿದ್ರೆ?" ಅಂದರು. "ಬೀಳ್ಲಿ. ನಾನ್ ಹಿಡೀತೀನಿ." ಎತ್ತಿ ನಿಲ್ಲಿಸಿದರು. ಆಸ್ಪತ್ರೆಯಲ್ಲಿ ಕಿಟಕಿಯವರೆಗೆ ಹೋಗಿದ್ದ ಕಾಲುಗಳು ಒದ್ದೆ ಬಟ್ಟೆಯಂತೆ ಮಡಚಿಕೊಂಡವು. ಅಬ್ಬನ ಕೈಯಲ್ಲೇ ನೇತಾಡಿದೆ, ಅಲ್ಲೇ ಬಟ್ಟೆ ಒದ್ದೆಯಾಯಿತು. ನಾಚಿಕೆಗೆ, ನೋವಿಗೆ ಅಬ್ಬನಿಗೆ ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಅಬ್ಬ ಬಿಡಲಿಲ್ಲ. ಅವರ ಗಡ್ಡದಿಂದ ನೀರು ನನ್ನ ಭುಜದ ಮೇಲೆ ಬೀಳುತ್ತಿತ್ತು.

ಮತ್ತೆ ದಾವಣಗೆರೆಗೆ ತೋರಿಸಲು ಹೋದಾಗ ಡಾಕ್ಟರು ಕೇಳಿದರು, ದಿನಾ ಎಷ್ಟು ನಡೆಸುತ್ತಿದ್ದೀರಿ ಅಂತ. ಅಮ್ಮಿ ಸುಳ್ಳು ಹೇಳಲು ಬಾಯಿ ತೆಗೆದರು. ಅಬ್ಬ, "ನಡೆಸ್ಲಿಲ್ಲಮ್ಮ. ಈಗ ಶುರು ಮಾಡಿವ್ನಿ" ಅಂದರು. ಡಾಕ್ಟರು ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ನನ್ನ ಪಾದವನ್ನು ಮೇಲೆ ಕೆಳಗೆ ಆಡಿಸಿ ನೋಡಿ, "ಬಲಗಾಲು ಬರುತ್ತೆ. ಎಡಗಾಲು ಇಷ್ಟೇ ಉಳೀಬಹುದು. ಆಗ್ಲೇ ನಡೆಸಿದ್ರೆ..." ಅಂತ ನಿಲ್ಲಿಸಿದರು. ಆಗಲೇ ನಡೆಸಿದ್ದರೂ ಹೀಗೇ ಆಗುತ್ತಿತ್ತೇನೋ, ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಬಸ್ಸಿನಲ್ಲಿ ಅಬ್ಬ ಚಳ್ಳಕೆರೆ ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದರು.

ಅವತ್ತಿನಿಂದ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ. ಮೊದಲು ಹಲಗೆಯಿಂದ ಗೋಡೆಗೆ, ಆಮೇಲೆ ಬಾಗಿಲಿಗೆ, ಆಮೇಲೆ ಅಂಗಳಕ್ಕೆ. ಅಬ್ಬ ಹಿಂದಿನಿಂದ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು ಬರುವರು. ಒಂದೊಂದು ಸಲ ಜಟಕಾದವರು ಕುದುರೆಗೆ ಮಾಡುವ ಹಾಗೆ ನಾಲಗೆಯಲ್ಲಿ ಟಕ್ ಟಕ್ ಅಂದುಬಿಟ್ಟು, ತಟ್ಟನೆ ಬಾಯಿ ಮುಚ್ಚಿಕೊಳ್ಳುವರು. "ಹೊಡೀರಿ ಅಬ್ಬಾ, ಪರವಾಗಿಲ್ಲ" ಅಂತ ನಾನು ಚುಚ್ಚುತ್ತಿದ್ದೆ. ಅವರು ನಗುತ್ತಿರಲಿಲ್ಲ. ಚಾಂದ್‌ನನ್ನು ಮಾರಿ ಹೊಸ ಮರಿ ತಗೋ ಅಂತ ಸಾದಿಕ್ ಹೇಳಿದ. ಅಬ್ಬ ಬೇಡ ಅಂದರು. "ಕೆಡಿಸಿದ್ದು ನಾನು. ನಾನೇ ಸಾಕ್ತೀನಿ." ದಿನಾ ನಾಲ್ಕೂ ಗುಂಡಿ ಒತ್ತತೊಡಗಿದರು. ಅಂಕವೇನೂ ಬದಲಾಗಲಿಲ್ಲ. ಕೆಲವು ಕಾಲದ ಮೇಲೆ ಆ ಆಟವೇ ತೆರೆಯದಾಯಿತು, ಯಾಕೋ ಗೊತ್ತಾಗಲಿಲ್ಲ.

ಮೊಳಕಾಲ್ಮೂರಿನವರಿಗೆ ಅಷ್ಟು ಹೊತ್ತಿಗೆ ಏನೋ ಗಾಳಿಸುದ್ದಿ ಮುಟ್ಟಿತ್ತು. ಹುಡುಗನ ತಾಯಿ ಮತ್ತು ಮಾವ ಜೀಪಿನಲ್ಲಿ ಬಂದರು. ಅಮ್ಮಿ ನನಗೆ ಜರಿಯ ದುಪಟ್ಟಾ ಹೊದಿಸಿ ಬೆಲ್ಟು ಮುಚ್ಚಿ, ಕುರ್ಚಿಯಲ್ಲಿ ಕೂರಿಸಿ, "ಏಳ್ಬೇಡ, ಚಹಾ ನಾನೇ ಕೊಡ್ತೀನಿ" ಅಂತ ಕಿವಿಯಲ್ಲಿ ಹೇಳಿದ್ದರು. ಹುಡುಗನ ತಾಯಿ ಒಳ್ಳೆಯವರೇ. ಬಿಸ್ಕತ್ತು ತಿಂದರು, ಸೆಕೆಯ ಮಾತಾಡಿದರು, ಮಗ್ಗದವರಿಗೆ ಈ ಸಲ ನೂಲು ಸಿಗುತ್ತಿಲ್ಲ ಅಂದರು. ಆಮೇಲೆ ಮಂಚದ ಮೇಲೆ ತಮ್ಮ ಪಕ್ಕ ತಟ್ಟಿ, "ಬಾ ಮಗಾ, ಇಲ್ಲಿ ಬಂದು ಕೂತ್ಕೋ" ಅಂದರು.

ಕೋಣೆ ಅಡ್ಡಕ್ಕೆ ದಾಟಬೇಕಿತ್ತು. ಎದ್ದೆ. ಎಡಪಾದ ನೆಲ ಸವರಿಕೊಂಡು ಬಂತು. ಎಲ್ಲರ ಕಣ್ಣೂ ನನ್ನ ಸೊಂಟದ ಕೆಳಗೆ. ಪರೀಕ್ಷೆಗೆ ನಿಲ್ಲುವುದು ಅಂದರೆ ಏನು ಅಂತ ಆಗ ಗೊತ್ತಾಯಿತು. ಅಮ್ಮಿ ಗಡಿಬಿಡಿಯಿಂದ, "ಕೂತು ಕೂತು ಕಾಲು ಜೋಮು ಹಿಡಿದೈತೆ, ಇನ್ನೊಂದು ತಿಂಗಳಿಗೆ..." ಅಂತ ಶುರುಮಾಡಿದರು.

"ಇಲ್ಲ ಬೆಹೆನ್," ಅಂದರು ಅಬ್ಬ, ಹುಡುಗನ ತಾಯಿಗೆ. "ಬೆನ್ನಲ್ಲಿ ಟಿ.ಬಿ. ಆಗಿತ್ತು. ಈಗ ವಾಸಿಯಾಗ್ತೈತೆ, ಯಾರಿಗೂ ಅಂಟಲ್ಲ. ಆದ್ರೆ ಕಾಲು ಇಷ್ಟೇ. ಇದಕ್ಕಿಂತ ಚೆನ್ನಾಗಿ ನಡೀತಿದ್ಲು ಇವಳು. ನಡೆಸ್ರಿ ಅಂದಾಗ ನಾನು ಮಲಗಿಸಿಟ್ಟೆ. ಹುಡುಗಿದು ಏನೂ ಐಬಿಲ್ಲ."

ಆಕೆ ನನ್ನ ತಲೆ ಸವರಿದರು. ಮನೇಲಿ ಮಾತಾಡಿ ಹೇಳ್ತೀವಿ ಅಂದರು. ಆ ಮಾತಿನ ಅರ್ಥ ಗೊತ್ತಿಲ್ಲದವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ಅವರು ಚಪ್ಪಲಿ ಮೆಟ್ಟುವಷ್ಟರಲ್ಲಿ ಅಮ್ಮಿ ಅಡುಗೆಮನೆ ಸೇರಿ ಜೋರಾಗಿಯೇ ಅಳುತ್ತಿದ್ದರು. ಸತ್ಯ ಹೇಳೋಕೆ ಇವತ್ತೇ ಆಗ್ಬೇಕಿತ್ತಾ, ನನ್ನ ಮಗಳ ಬಾಳು ಮುಗೀತು ಅಂತ. ನಾನೂ ಅಳುವುದರಲ್ಲಿದ್ದೆ.

ಅಬ್ಬ ಬಂದು ದುಪಟ್ಟಾ ಸರಿಸಿ ಬೆಲ್ಟಿನ ಪಟ್ಟಿ ಬಿಗಿ ಮಾಡಿದರು.

"ಏಳು ಬೇಟಾ. ಸಂಜೆ ನಡಿಗೆ ಬಾಕಿ ಐತೆ."

"ಈಗ ತಾನೆ ನಡೆದ್ನಲ್ಲ ಅಬ್ಬಾ, ಅವರ ಮುಂದೆ."

"ಅದು ಅವರಿಗೆ ತೋರ್ಸೋಕೆ ನಡೆದಿದ್ದು. ಅದು ಲೆಕ್ಕಕ್ಕಿಲ್ಲ. ಏಳು."

ಎದ್ದೆ. ಬೀದಿಯಲ್ಲಿ ಜೀಪು ಇನ್ನೂ ಹಿಂದೆ ಮುಂದೆ ಮಾಡಿ ತಿರುಗಿಸಿಕೊಳ್ಳುತ್ತಿತ್ತು, ಒಳಗಿಂದ ಅವರು ನೋಡುತ್ತಿದ್ದರು. ಅಬ್ಬ ಬೆಲ್ಟು ಹಿಡಿದುಕೊಂಡರು. ಅವರ ಎದುರಿಗೇ ನಾವಿಬ್ಬರೂ ಬೀದಿಗಿಳಿದು, ಕಾಲೆಳೆದುಕೊಂಡು, ಮಿಲ್ಲಿನ ಗೋಡೆಯವರೆಗೆ ಹೋಗಿ ಬಂದೆವು. ಕಾಯಿಲೆ ಬಿದ್ದ ಮೇಲೆ ಅಷ್ಟು ದೂರ ನಾನು ಒಮ್ಮೆಯೂ ಹೋಗಿರಲಿಲ್ಲ.